ದಿಬ್ಬನಾಡಿನ ಸೈಕಲ್ ಸುತ್ತು: ಒಂದು ದಿನದ ಶಕ್ತಿಲೆಕ್ಕ

ಬೆಳಗಿನ ಜಾವ ಒಂದು ಊರಿನಿಂದ ಸೈಕಲ್ ಹತ್ತಿ ಹೊರಟು, ದಿನವೆಲ್ಲ ಬೆಟ್ಟಗುಡ್ಡಗಳ ನಡುವೆ ಸುತ್ತಿ, ಹೊತ್ತು ಮುಳುಗುವುದರೊಳಗಾಗಿ ಹೊರಟ ಊರನ್ನೇ ಸೇರಿದೆವೆಂದು ಭಾವಿಸೋಣ. ಹೊರಟ ಸ್ಥಳವೂ ಸೇರಿದ ಸ್ಥಳವೂ ಒಂದೇ ಆದುದರಿಂದ ನಾವು ಎಷ್ಟು ಎತ್ತರ ಏರಿದೆವೋ ಅಷ್ಟೇ ಎತ್ತರ ಇಳಿದೂ ಇರಬೇಕು. ಗುರುತ್ವಾಕರ್ಷಣೆಯ ಲೆಕ್ಕದಲ್ಲಿ ನಮ್ಮ ಗಳಿಕೆ ಸೊನ್ನೆ, ನಷ್ಟವೂ ಸೊನ್ನೆ. ಹಾಗಿದ್ದ ಮೇಲೆ ಬಯಲುಸೀಮೆಯ ಎಂಬತ್ತು ಕಿಲೋಮೀಟರಿಗಿಂತ ದಿಬ್ಬನಾಡಿನ ಎಂಬತ್ತು ಕಿಲೋಮೀಟರು ಮೈಯನ್ನು ಅಷ್ಟೊಂದು ಹೆಚ್ಚಾಗಿ ದಣಿಸುವುದೇಕೆ? ಏರುವಾಗ ಕೊಟ್ಟ ಶಕ್ತಿಯನ್ನು ಇಳಿಜಾರು ನಮಗೆ ಮರಳಿ ಕೊಡುವುದಿಲ್ಲವೆ?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಇದಕ್ಕೆ ಸರಿಯಾದ ಉತ್ತರ ತಿಳಿಯದೆ ಹೊರಟವನು ಮಧ್ಯಾಹ್ನದ ಹೊತ್ತಿಗೆ ನೀರು ಮುಗಿದು, ಹೊಟ್ಟೆ ಬರಿದಾಗಿ, ಕಾಡಿನ ದಾರಿಯಲ್ಲಿ ಕತ್ತಲೆಗೆ ಸಿಕ್ಕಿಕೊಳ್ಳುವ ಸಂಭವವುಂಟು. ಆದುದರಿಂದ ಹೊರಡುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳುವುದು ಹೇಗೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗಿಲ್ಲ.

ಇಟಲಿಯ ಮಾದರಿ

ಒಂದು ಹಗಲಿನಲ್ಲಿ ಮುಗಿಸಬೇಕಾದ ದೀರ್ಘ ಸವಾರಿಯ ಪದ್ಧತಿ ಇಟಲಿಯಲ್ಲಿ ಹುಟ್ಟಿದುದು. ೧೮೯೭ರ ಜೂನ್ ೧೨ರಂದು ಹನ್ನೆರಡು ಮಂದಿ ಸವಾರರು ರೋಮ್ ನಗರದಿಂದ ನೇಪಲ್ಸಿಗೆ, ಅಂದರೆ ಸುಮಾರು ೨೩೦ ಕಿಲೋಮೀಟರು ದೂರವನ್ನು, ಹಗಲ ಬೆಳಕಿನಲ್ಲಿಯೇ ಕ್ರಮಿಸುವ ಸಾಹಸಕ್ಕೆ ಕೈಹಾಕಿದರು. 'ಧೀರರು' ಎಂಬ ಅರ್ಥದ 'ಆಡಾಕ್ಸ್' ಎಂಬ ಲ್ಯಾಟಿನ್ ಹೆಸರು ಇಂಥ ಸವಾರಿಗೆ ಅಂಟಿಕೊಂಡಿತು. ಈ ಹೆಸರಿನ ಸವಾರಿಗಳು ಇಂದು ನಮ್ಮ ದೇಶದಲ್ಲಿಯೂ ನಡೆಯುತ್ತವೆ. ಅವುಗಳಲ್ಲಿ ೨೦೦ ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕೆಂಬುದು ನಿಯಮ.

ಇಟಲಿಯ ಟಸ್ಕನಿ ಪ್ರಾಂತದ ಗಾಯೋಲೆ ಎಂಬ ಊರಿನಲ್ಲಿ ೧೯೯೭ರಿಂದ 'ಎರೋಯಿಕಾ' ಎಂಬ ಸುತ್ತುಸವಾರಿ ನಡೆಯುತ್ತಿದೆ. ೧೯೮೭ಕ್ಕಿಂತ ಹಿಂದೆ ತಯಾರಾದಂಥ ಹಳೆಯ ಮಾದರಿಯ ಸೈಕಲ್ಲುಗಳಿಗೆ ಮಾತ್ರ ಅಲ್ಲಿ ಪ್ರವೇಶ. ದ್ರಾಕ್ಷಿತೋಟಗಳ ನಡುವಣ ಬಿಳಿ ಜಲ್ಲಿದಾರಿಗಳ ಮೇಲೆ ಸಾಗುವ ಅದರ ಅತಿ ದೊಡ್ಡ ಸುತ್ತು ೨೦೯ ಕಿಲೋಮೀಟರು. ಒಟ್ಟು ಏರಿಕೆ ೩,೦೦೦ ಮೀಟರನ್ನೂ ಮೀರುವುದು. ಆ ನಾಡಿನ ಹಳೆಯ ಊರುಗಳು ರಕ್ಷಣೆಗೆಂದು ಗುಡ್ಡದ ನೆತ್ತಿಯ ಮೇಲೆ ಕಟ್ಟಿದವು. ಊರು ಸೇರಬೇಕಾದರೆ ಏರಲೇಬೇಕು, ಮುಂದಿನ ಊರಿಗೆ ಹೊರಟರೆ ಇಳಿಯಲೇಬೇಕು.

ಇಂಥ ಸುತ್ತಿಗಾಗಿ ಕಡಲು ದಾಟಿ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯನ್ನು ನೆಲೆಯಾಗಿಟ್ಟುಕೊಂಡರೆ ನಮ್ಮಲ್ಲಿಯೇ ಒಂದು ಒಳ್ಳೆಯ ಸುತ್ತು ದೊರಕುವುದು.

ಸಾಂಬ್ರಾಣಿಯ ಸುತ್ತು

ಸಾಂಬ್ರಾಣಿಯು ಹಳಿಯಾಳದಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿದೆ. ಇಲ್ಲಿಂದ ಮೊದಲು ಹಳಿಯಾಳಕ್ಕೆ, ಅಲ್ಲಿಂದ ಕಾಳಿ ನದಿಯ ದಂಡೆಯ ದಾಂಡೇಲಿಗೆ, ದಾಂಡೇಲಿಯಿಂದ ಕುಳಗಿಯ ಕಾಡುದಾರಿಯಲ್ಲಿ ಭಾಗವತಿಗೆ, ಭಾಗವತಿಯಿಂದ ಮರಳಿ ಸಾಂಬ್ರಾಣಿಗೆ ಬಂದರೆ ಒಂದು ಸುತ್ತು ಪೂರ್ತಿಯಾಗುವುದು.

ಹಳಿಯಾಳವು ಸಮುದ್ರಮಟ್ಟಕ್ಕಿಂತ ಸುಮಾರು ೫೫೦ ಮೀಟರು ಎತ್ತರದಲ್ಲಿಯೂ, ದಾಂಡೇಲಿಯು ಸುಮಾರು ೪೭೦ ಮೀಟರು ಎತ್ತರದಲ್ಲಿಯೂ ಇವೆ. ಅಂತರ ಎಂಬತ್ತು ಮೀಟರುಗಳಷ್ಟೇ. ಇದನ್ನು ಕಂಡು, 'ಎಂಬತ್ತು ಮೀಟರು ಇಳಿದು ಎಂಬತ್ತು ಮೀಟರು ಏರಿದರೆ ಮುಗಿಯಿತಲ್ಲ' ಎಂದುಕೊಳ್ಳುವುದು ಸಹಜ. ಆದರೆ ದಾರಿಯು ಒಂದೇ ಸಮನೆ ಇಳಿಯುವುದೂ ಇಲ್ಲ, ಒಂದೇ ಸಮನೆ ಏರುವುದೂ ಇಲ್ಲ. ಈ ಪ್ರದೇಶವು ಮಲೆನಾಡಿನ ಅಂಚು. ಬಹು ಪುರಾತನವಾದ ಶಿಲೆಗಳ ಈ ಪ್ರಸ್ಥಭೂಮಿಯನ್ನು ಕಾಳಿಯೂ ತಟ್ಟಿಹಳ್ಳದಂಥ ಅದರ ಉಪನದಿಗಳೂ ಮಳೆಗಾಲದ ನೀರಿನ ಬಲದಿಂದ ಲಕ್ಷಾಂತರ ವರ್ಷ ಕೊರೆಯುತ್ತ ಬಂದಿವೆ. ಪ್ರತಿಯೊಂದು ಹಳ್ಳವನ್ನು ದಾಟುವಾಗಲೂ ದಾರಿ ತಗ್ಗಿಗಿಳಿದು ಮತ್ತೆ ದಿಬ್ಬವನ್ನೇರುವುದು. ಟಸ್ಕನಿಯಲ್ಲಿ ಊರಿಗಾಗಿ ಏರಬೇಕು. ನಮ್ಮಲ್ಲಿ ಹಳ್ಳಕ್ಕಾಗಿ ಇಳಿದು, ಆಮೇಲೆ ಏರಬೇಕು. ಪರಿಣಾಮ ಒಂದೇ.

ಆದುದರಿಂದ ದಾರಿಯ ಎರಡು ಕೊನೆಗಳ ಎತ್ತರದ ಅಂತರಕ್ಕೂ 'ಒಟ್ಟು ಏರಿಕೆ'ಗೂ ಇರುವ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ದಾರಿಯಲ್ಲಿ ಬರುವ ಪ್ರತಿಯೊಂದು ಏರಿನ ಎತ್ತರವನ್ನೂ ಕೂಡಿಸುತ್ತ ಹೋಗಿ, ಇಳಿತಗಳನ್ನು ಕಳೆಯದೆ ಬಿಟ್ಟರೆ ಬರುವ ಮೊತ್ತವೇ ಒಟ್ಟು ಏರಿಕೆ. ಇದನ್ನು ಮನೆಯಲ್ಲಿಯೇ ಕುಳಿತು ಕಂಡುಹಿಡಿಯಬಹುದು. ಭಾರತೀಯ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ನಕ್ಷೆಯಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳಿರುತ್ತವೆ. ಒಂದು ಗೆರೆಗೂ ಮುಂದಿನದಕ್ಕೂ ೨೦ ಮೀಟರು ಅಂತರ. ದಾರಿಯು ಮೇಲ್ಮುಖವಾಗಿ ಎಷ್ಟು ಗೆರೆಗಳನ್ನು ದಾಟುವುದೆಂದು ಎಣಿಸಿ ಇಪ್ಪತ್ತರಿಂದ ಗುಣಿಸಿದರೆ ಒಟ್ಟು ಏರಿಕೆಯ ಸ್ಥೂಲ ಅಂದಾಜು ಸಿಕ್ಕುವುದು. ಎರಡು ಗೆರೆಗಳ ನಡುವೆ ಅಡಗಿಕೊಳ್ಳುವ ಚಿಕ್ಕ ದಿಬ್ಬಗಳು ಈ ಎಣಿಕೆಗೆ ಸಿಕ್ಕವಾದುದರಿಂದ ನಿಜವಾದ ಏರಿಕೆ ಅದಕ್ಕಿಂತ ತುಸು ಹೆಚ್ಚೇ ಇರುವುದು.

ನಮ್ಮ ಪಾಠದ ಅನುಕೂಲಕ್ಕಾಗಿ ಸುತ್ತಿನ ಉದ್ದ ೮೦ ಕಿಲೋಮೀಟರು, ಒಟ್ಟು ಏರಿಕೆ ೮೦೦ ಮೀಟರು ಎಂದು ಇಟ್ಟುಕೊಳ್ಳೋಣ. ವಾಚಕರು ತಮ್ಮ ದಾರಿಯ ಸಂಖ್ಯೆಗಳನ್ನು ಈ ಸ್ಥಾನದಲ್ಲಿ ಹಾಕಿಕೊಳ್ಳಬಹುದು. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿರುವ ಸೂಪಾ ಅಣೆಕಟ್ಟಿನ ಎತ್ತರ ೧೦೧ ಮೀಟರು. ೮೦೦ ಮೀಟರು ಏರುವುದೆಂದರೆ ಅಂಥ ಎಂಟು ಅಣೆಕಟ್ಟುಗಳನ್ನು ಒಂದರ ಮೇಲೊಂದರಂತೆ ಹತ್ತಿದ ಹಾಗೆ.

ಸವಾರನನ್ನು ತಡೆಯುವ ಮೂರು ಬಲಗಳು

ಸವಾರನ ತೂಕ ೫೫ ಕಿಲೋಗ್ರಾಂ, ಸೈಕಲ್ಲಿನ ತೂಕ ೨೦, ನೀರು ಬುತ್ತಿಗಳ ತೂಕ ೫. ಒಟ್ಟು ೮೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇದನ್ನು ೯.೮ರಿಂದ ಗುಣಿಸಿದರೆ ಭೂಮಿಯು ಸೆಳೆಯುವ ಬಲ ೭೮೪ ನ್ಯೂಟನ್ ಆಗುವುದು.

ಮೊದಲನೆಯ ತಡೆ ಟೈರಿನದು. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗದಲ್ಲಿ ಟೈರು ಅಮುಕಿ ಮತ್ತೆ ಉಬ್ಬುವುದು. ಅಮುಕಲು ಬೇಕಾದ ಶಕ್ತಿಯೆಲ್ಲವೂ ಉಬ್ಬುವಾಗ ಮರಳಿ ಬಾರದು. ಸಾಧಾರಣ ಸೈಕಲ್ಲಿಗೆ ಡಾಂಬರು ರಸ್ತೆಯಲ್ಲಿ ಈ ತಡೆ ಒಟ್ಟು ತೂಕದ ಸಾವಿರದಲ್ಲಿ ಎಂಟು ಪಾಲಿನಷ್ಟು, ಎಂದರೆ ಸುಮಾರು ೬ ನ್ಯೂಟನ್. ಜಲ್ಲಿ ಅಥವಾ ಕೆಮ್ಮಣ್ಣಿನ ದಾರಿಯಲ್ಲಿ ಇದು ಇಮ್ಮಡಿಯಾಗಬಹುದು. ಗಾಳಿ ಕಡಮೆಯಾದ ಟೈರಿನಲ್ಲಿಯೂ ಹೆಚ್ಚುವುದು.

ಎರಡನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದು: ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ನೆಟ್ಟಗೆ ಕುಳಿತ ಸವಾರನಿಗೆ ಗಂಟೆಗೆ ೧೫ ಕಿಲೋಮೀಟರು ವೇಗದಲ್ಲಿ ಇದು ಸುಮಾರು ೬ ನ್ಯೂಟನ್.

ಮೂರನೆಯದು ಏರಿನ ತಡೆ. ನೂರು ಮೀಟರು ದಾರಿಗೆ ಐದು ಮೀಟರು ಎತ್ತರ ಏರುವುದಾದರೆ ಅದನ್ನು ಶೇಕಡ ೫ರ ಏರು ಎನ್ನುವೆವು. ಆಗ ೭೮೪ರ ಶೇಕಡ ೫, ಎಂದರೆ ೩೯ ನ್ಯೂಟನ್ ಬಲ ನಮ್ಮನ್ನು ಹಿಂದಕ್ಕೆ ಜಗ್ಗುವುದು. ಕಣ್ಣಿಗೆ ಸಾಮಾನ್ಯವೆನಿಸುವ ಈ ಏರು, ಟೈರು ಗಾಳಿಗಳೆರಡೂ ಕೂಡಿ ಮಾಡುವ ೧೨ ನ್ಯೂಟನ್ ತಡೆಗಿಂತ ಮೂರು ಪಟ್ಟಿಗೂ ಮಿಗಿಲಾದ ತಡೆಯನ್ನು ತಂದೊಡ್ಡುವುದು!

ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ಬರುವುದೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ಗಂಟೆಗೆ ೧೫ ಕಿಲೋಮೀಟರು ಎಂದರೆ ಸೆಕೆಂಡಿಗೆ ೪.೧೭ ಮೀಟರು. ಸಮತಟ್ಟಾದ ದಾರಿಯಲ್ಲಿ ಬೇಕಾಗುವುದು ೧೨ × ೪.೧೭, ಎಂದರೆ ೫೦ ವಾಟ್. ಅದೇ ವೇಗದಲ್ಲಿ ಶೇಕಡ ೫ರ ಏರನ್ನು ಹತ್ತಬೇಕಾದರೆ ೫೧ × ೪.೧೭, ಎಂದರೆ ೨೧೦ ವಾಟಿಗೂ ಹೆಚ್ಚು. ಆರೋಗ್ಯವಂತ ವಿದ್ಯಾರ್ಥಿಯೊಬ್ಬನು ಗಂಟೆಗಟ್ಟಲೆ ಕೊಡಬಲ್ಲ ಸಾಮರ್ಥ್ಯ ೭೫ರಿಂದ ೧೦೦ ವಾಟ್ ಎಂದು ಎಣಿಸುವುದು ಕ್ಷೇಮ. ನೂರು ವಾಟಿನಲ್ಲಿ ಆ ಏರನ್ನು ಹತ್ತುವ ವೇಗ ಸೆಕೆಂಡಿಗೆ ೨ ಮೀಟರು, ಅಂದರೆ ಗಂಟೆಗೆ ಏಳು ಕಿಲೋಮೀಟರು ಮಾತ್ರ. ಏರಿನಲ್ಲಿ ಬಯಲಿನ ವೇಗವನ್ನೇ ಉಳಿಸಿಕೊಳ್ಳಲು ಹೆಣಗುವವನು ಸಾಲ ಮಾಡಿ ಖರ್ಚು ಮಾಡುವವನಂತೆ. ಬೇಗನೆ ಏದುಸಿರು ಬಿಟ್ಟು ನಿಲ್ಲುವನು.

ಇಳಿಜಾರು ಮರಳಿ ಕೊಡುವುದೆಷ್ಟು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಏರುವಾಗ ನಾವು ಕೊಟ್ಟ ಶಕ್ತಿ ಹಾಳಾಗುವುದಿಲ್ಲ. ಅದು ಎತ್ತರದ ರೂಪದಲ್ಲಿ, ಪ್ರಚ್ಛನ್ನ ಶಕ್ತಿಯಾಗಿ, ನಮ್ಮಲ್ಲಿಯೇ ಇರುವುದು. ಒಂದು ಮೀಟರು ಎತ್ತರಕ್ಕೆ ೭೮೪ ಜೂಲ್. ಇಳಿಯುವಾಗ ಇದರಲ್ಲಿ ನಮ್ಮ ಪ್ರಯೋಜನಕ್ಕೆ ಬರುವುದೆಷ್ಟೆಂಬುದು ಇಳಿಜಾರಿನ ಕಡಿದನ್ನು ಅವಲಂಬಿಸಿದೆ.

ಶೇಕಡ ೧.೫ರ ಮೆತ್ತನೆಯ ಇಳಿಜಾರನ್ನು ತೆಗೆದುಕೊಳ್ಳೋಣ. ಮುಂದಕ್ಕೆ ಸೆಳೆಯುವ ಬಲ ಸುಮಾರು ೧೨ ನ್ಯೂಟನ್. ೧೫ ಕಿಲೋಮೀಟರು ವೇಗದಲ್ಲಿ ಟೈರು ಗಾಳಿಗಳ ತಡೆಯೂ ೧೨ ನ್ಯೂಟನ್. ಎಂದಮೇಲೆ ಪೆಡಲು ತುಳಿಯದೆಯೇ ನಾವು ಅದೇ ವೇಗದಲ್ಲಿ ಸಾಗುವೆವು. ಕೊಟ್ಟ ಶಕ್ತಿಯೆಲ್ಲವೂ ದಾರಿ ಸವೆಸುವ ಕೆಲಸಕ್ಕೇ ವಿನಿಯೋಗವಾಯಿತು, ಪೂರ್ಣ ವಸೂಲಿ.

ಇನ್ನು ಶೇಕಡ ೫ರ ಇಳಿಜಾರು. ಒಂದು ಮೀಟರು ಎತ್ತರ ಇಳಿಯುವಷ್ಟರಲ್ಲಿ ನಾವು ಸಾಗುವ ದಾರಿ ೨೦ ಮೀಟರು. ಅಷ್ಟು ದೂರವನ್ನು ಸಮತಟ್ಟಿನಲ್ಲಿ ಕ್ರಮಿಸಲು ೧೨ × ೨೦, ಎಂದರೆ ೨೪೦ ಜೂಲ್ ಸಾಕಾಗಿತ್ತು. ಆದರೆ ಇಳಿಜಾರು ೭೮೪ ಜೂಲ್ ಸುರಿಯುವುದು. ಉಳಿದ ೫೪೪ ಜೂಲ್ ಏನಾಯಿತು? ಬ್ರೇಕು ಹಿಡಿಯದೆ ಬಿಟ್ಟರೆ ವೇಗ ಏರುತ್ತ ಹೋಗಿ ಗಂಟೆಗೆ ೩೬ ಕಿಲೋಮೀಟರಿಗೆ ಮುಟ್ಟಿ, ಆ ಹೆಚ್ಚಿನ ಶಕ್ತಿಯೆಲ್ಲವೂ ಗಾಳಿಯನ್ನು ಕಲಕುವುದರಲ್ಲಿ ವ್ಯಯವಾಗುವುದು. ಬ್ರೇಕು ಹಿಡಿದರೆ ರಿಮ್ಮನ್ನೂ ರಬ್ಬರನ್ನೂ ಕಾಯಿಸುವುದು. ಎರಡು ವಿಧದಲ್ಲಿಯೂ ನಮಗೆ ದಕ್ಕಿದ್ದು ಹತ್ತರಲ್ಲಿ ಮೂರು ಪಾಲು ಮಾತ್ರ.

ಕಾಳಿ ನದಿಯ ನೀರಿನೊಡನೆ ಇದನ್ನು ಹೋಲಿಸಿ ನೋಡಬಹುದು. ಅಂಬಿಕಾನಗರದ ಕಡೆಯ ನಾಗಝರಿ ವಿದ್ಯುದಾಗಾರದಲ್ಲಿ ಎತ್ತರದಿಂದ ಧುಮುಕುವ ನೀರನ್ನು ಕೊಳವೆಗಳಲ್ಲಿ ಕಟ್ಟಿಹಾಕಿ ತಿರುಬಾನಿಗಳ ಮೇಲೆ ಹಾಯಿಸುವರು. ಇಂಥ ಯಂತ್ರಗಳು ನೀರಿನ ಪ್ರಚ್ಛನ್ನ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟನ್ನು ವಿದ್ಯುತ್ತಾಗಿ ಪಡೆಯಬಲ್ಲವು. ಸೈಕಲ್ ಸವಾರನ ಬಳಿ ಅಂಥ ತಿರುಬಾನಿಯಿಲ್ಲ. ಅವನ ಶಕ್ತಿ ಗಾಳಿಯ ಪಾಲಾಗುವುದು.

ನಷ್ಟದ ಎರಡನೆಯ ಬಾಬು ಸಮಯದ್ದು. ಆರು ಕಿಲೋಮೀಟರು ಏರನ್ನು ಗಂಟೆಗೆ ೬ ಕಿಲೋಮೀಟರು ವೇಗದಲ್ಲಿ ಹತ್ತಿ, ಅಷ್ಟೇ ದೂರವನ್ನು ೩೦ ಕಿಲೋಮೀಟರು ವೇಗದಲ್ಲಿ ಇಳಿದರೆ ಸರಾಸರಿ ವೇಗವೆಷ್ಟು? ೬ನ್ನೂ ೩೦ನ್ನೂ ಕೂಡಿಸಿ ಎರಡರಿಂದ ಭಾಗಿಸಿ ೧೮ ಎನ್ನುವವರೇ ಹೆಚ್ಚು. ಏರಲು ಒಂದು ಗಂಟೆ, ಇಳಿಯಲು ೧೨ ನಿಮಿಷ. ೧೨ ಕಿಲೋಮೀಟರಿಗೆ ೭೨ ನಿಮಿಷ. ಆದುದರಿಂದ ಸರಾಸರಿ ಗಂಟೆಗೆ ೧೦ ಕಿಲೋಮೀಟರು ಮಾತ್ರ. ಏರಿನಲ್ಲಿ ಕಳೆದ ಹೊತ್ತನ್ನು ಇಳಿಜಾರಿನ ಯಾವ ವೇಗವೂ ತುಂಬಿ ಕೊಡಲಾರದು. ಈ ವಿಷಯವನ್ನು ತಿಳಿಯದೆ ಹೊತ್ತಿನ ಲೆಕ್ಕ ಹಾಕಿದವರೇ ಕತ್ತಲೆಯಲ್ಲಿ ಸಿಕ್ಕಿಕೊಳ್ಳುವವರು.

ಇಡೀ ಸುತ್ತಿನ ಮೊತ್ತ ಹೀಗಾಗುವುದು. ಟೈರು ಗಾಳಿಗಳಿಗೆ ೧೨ × ೮೦,೦೦೦ = ೯೬೦ ಕಿಲೋಜೂಲ್. ಏರಿಗೆ ೭೮೪ × ೮೦೦ = ಸುಮಾರು ೬೨೭ ಕಿಲೋಜೂಲ್. ಇಳಿತಗಳು ಶೇಕಡ ೫ರವಾದರೆ ಮರಳಿ ಬರುವುದು ೨೪೦ × ೮೦೦ = ೧೯೨ ಕಿಲೋಜೂಲ್. ಒಟ್ಟಿನಲ್ಲಿ ಕಾಲುಗಳು ಮಾಡಬೇಕಾದ ಕೆಲಸ ಸುಮಾರು ೧,೪೦೦ ಕಿಲೋಜೂಲ್. ಅದೇ ದೂರದ ಬಯಲುದಾರಿಗಿಂತ ಇದು ಹೆಚ್ಚುಕಡಮೆ ಒಂದೂವರೆ ಪಟ್ಟು.

ಒಂಟಿ ಗೇರಿನ ಸೈಕಲ್ಲು

ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವುದು ಒಂದೇ ಗೇರಿನ ಭಾರವಾದ ಸೈಕಲ್ಲು. ೨೦೦೬-೦೭ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಲವು ವರ್ಷಗಳ ಕಾಲ ಊರೂರಿಗೆ ಬಂದ ಸೈಕಲ್ಲುಗಳೂ ಒಂಟಿ ಗೇರಿನವೇ. ಇದರಿಂದ ದಿಬ್ಬವನ್ನು ಹತ್ತಲು ಸಾಧ್ಯವೆ?

ಮುಂದಿನ ಹಲ್ಲುಚಕ್ರದಲ್ಲಿ ೪೪ ಹಲ್ಲು, ಹಿಂದಿನದರಲ್ಲಿ ೧೮ ಹಲ್ಲು ಇರಲಿ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ೨.೪೪ ಸುತ್ತು ತಿರುಗುವುದು. ಗಾಲಿಯ ಸುತ್ತಳತೆ ೨.೨ ಮೀಟರು, ಆದುದರಿಂದ ಸೈಕಲ್ಲು ೫.೪ ಮೀಟರು ಮುಂದೆ ಹೋಗುವುದು. ಪೆಡಲಿನ ತೋಳು ೧೭ ಸೆಂಟಿಮೀಟರು ಉದ್ದವಾದುದರಿಂದ ಪಾದವು ಸಾಗುವ ದೂರ ೧.೦೭ ಮೀಟರು. ಪಾದ ಒಂದು ಮೀಟರು ಚಲಿಸುವಷ್ಟರಲ್ಲಿ ಸೈಕಲ್ಲು ಐದು ಮೀಟರು ಹೋಗುವುದೆಂದ ಮೇಲೆ, ಪಾದವು ಐದು ಪಟ್ಟು ಬಲ ಕೊಡಬೇಕು. ಇದು ಸನ್ನೆಗೋಲಿನ ನಿಯಮವೇ.

ಶೇಕಡ ೫ರ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಒಟ್ಟು ತಡೆ ೪೭ ನ್ಯೂಟನ್. ಪೆಡಲಿನ ಮೇಲೆ ಸರಾಸರಿ ೨೩೭ ನ್ಯೂಟನ್ ಬೇಕು. ಆದರೆ ಪೆಡಲು ಮೇಲೆ ಕೆಳಗೆ ಇರುವಾಗ ಒತ್ತು ಫಲಿಸದು. ತೋಳು ಅಡ್ಡವಾಗಿರುವಾಗ ಅದಕ್ಕೆ ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗಿ, ಅಂದರೆ ಸುಮಾರು ೩೮ ಕಿಲೋಗ್ರಾಂ ತೂಕದಷ್ಟು ಒತ್ತಬೇಕು. ಎದ್ದು ನಿಂತು ತುಳಿದರೆ ೫೫ ಕಿಲೋಗ್ರಾಂ ತೂಕದವನಿಗೆ ಇದು ಸಾಧ್ಯ. ಶೇಕಡ ೧೦ರ ಏರಿನಲ್ಲಾದರೋ ಬೇಕಾದ ಒತ್ತು ಸುಮಾರು ೬೯ ಕಿಲೋಗ್ರಾಂ. ಇಡೀ ಮೈಭಾರವನ್ನು ಪೆಡಲಿನ ಮೇಲೆ ಹೇರಿದರೂ ಸಾಲದು. ಹ್ಯಾಂಡಲನ್ನು ಜಗ್ಗಿ ಜಗ್ಗಿ ತುಳಿಯಬೇಕು. ಹೆಚ್ಚು ಹೊತ್ತು ಹಾಗೆ ಮಾಡಿದರೆ ಮೊಣಕಾಲಿಗೆ ಕೇಡು.

ಇದಕ್ಕೆ ಎರಡು ಉಪಾಯಗಳುಂಟು. ಹಿಂದಿನ ಹಲ್ಲುಚಕ್ರವನ್ನು ಬದಲಿಸಿ ೨೨ ಹಲ್ಲಿನದನ್ನು ಹಾಕಿಸಿದರೆ ಪೆಡಲಿನ ಒತ್ತು ಐದರಲ್ಲಿ ಒಂದು ಪಾಲಿನಷ್ಟು ತಗ್ಗುವುದು. ಮಾಡಬೇಕಾದ ಕೆಲಸವೇನೂ ತಗ್ಗದು. ಹೆಚ್ಚು ಸಲ ತುಳಿಯಬೇಕಾಗುವುದು, ಆದರೆ ಪ್ರತಿಯೊಂದು ತುಳಿತವೂ ಹಗುರ. ೧೯೨೦ರ ದಶಕದ ಇಟಲಿಯ ಪಂದ್ಯಗಾರರು ಹಿಂದಿನ ಗಾಲಿಯ ಎರಡು ಪಕ್ಕಗಳಲ್ಲಿಯೂ ಬೇರೆ ಬೇರೆ ಹಲ್ಲುಚಕ್ರಗಳನ್ನು ಕೂಡಿಸಿ, ಬೆಟ್ಟದ ಬುಡದಲ್ಲಿ ಇಳಿದು ಗಾಲಿಯನ್ನು ಬಿಚ್ಚಿ ತಿರುವಿ ಹಾಕಿ ಹತ್ತುತ್ತಿದ್ದರು. ಈ ತೊಡಕನ್ನು ನೀಗಿಸುವ ಯತ್ನಗಳಿಂದಲೇ ಇಂದಿನ ಬಹುಗೇರಿನ ಸೈಕಲ್ಲುಗಳು ಬೆಳೆದು ಬಂದವು.

ಎರಡನೆಯ ಉಪಾಯ ಇಳಿದು ತಳ್ಳುವುದು. ಇದನ್ನು ಅನೇಕರು ಅವಮಾನವೆಂದು ಭಾವಿಸುವರು. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ನಡಿಗೆಯೂ ಒಂದು ಗೇರೇ. ಎಲ್ಲಕ್ಕಿಂತ ಚಿಕ್ಕ ಗೇರು. ಕಡಿದಾದ ಏರಿನಲ್ಲಿ ತುಳಿಯುವವನ ವೇಗಕ್ಕೂ ತಳ್ಳುವವನ ವೇಗಕ್ಕೂ ಹೆಚ್ಚಿನ ಅಂತರವಿರುವುದಿಲ್ಲ. ಸೀಟಿನ ಮೇಲೆ ಬಿಗಿದುಕೊಂಡಿದ್ದ ಸ್ನಾಯುಗಳಿಗೂ ಸ್ವಲ್ಪ ಬಿಡುವು ದೊರೆಯುವುದು.

ಬುತ್ತಿ ಮತ್ತು ನೀರು

ಕಾಲುಗಳು ಮಾಡಿದ ೧,೪೦೦ ಕಿಲೋಜೂಲ್ ಕೆಲಸಕ್ಕೆ ದೇಹವು ವೆಚ್ಚ ಮಾಡುವ ಆಹಾರಶಕ್ತಿ ಅದಕ್ಕಿಂತ ಬಹಳ ಹೆಚ್ಚು. ಸ್ನಾಯುಗಳು ಆಹಾರಶಕ್ತಿಯ ಸುಮಾರು ಶೇಕಡ ೨೩ನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುವುವು, ಉಳಿದುದು ಶಾಖವಾಗುವುದು. ಹಾಗಾಗಿ ಬೇಕಾದದ್ದು ಸುಮಾರು ೬,೧೦೦ ಕಿಲೋಜೂಲ್, ಅಂದರೆ ೧,೪೫೦ ಕಿಲೋಕ್ಯಾಲೊರಿ. ಇದು ದಿನನಿತ್ಯದ ಊಟಕ್ಕೆ ಮೇಲಾಗಿ ಬೇಕಾದದ್ದು.

ದೇಹದಲ್ಲಿ ಕೊಬ್ಬಿನ ದಾಸ್ತಾನು ಧಾರಾಳ; ಆದರೆ ಅದು ನಿಧಾನವಾಗಿ ಉರಿಯುವ ಇಂಧನ. ಏರನ್ನು ಹತ್ತಲು ಬೇಕಾದ ಚುರುಕಿನ ಇಂಧನವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೊಜನ್ ರೂಪದಲ್ಲಿರುವುದು. ವಯಸ್ಕರಲ್ಲಿ ಇದು ೩೦೦ರಿಂದ ೫೦೦ ಗ್ರಾಂ ಮಾತ್ರ. ಇದು ಬರಿದಾದರೆ ರಕ್ತದಲ್ಲಿನ ಸಕ್ಕರೆ ಇಳಿದು, ಕೈಕಾಲು ನಡುಗಿ, ತಲೆ ತಿರುಗಿ, ಒಮ್ಮೆಲೇ ಶಕ್ತಿಯೆಲ್ಲ ಉಡುಗಿಹೋದಂತಾಗುವುದು. ಇಟಲಿಯ ಸವಾರರು ಇದನ್ನು 'ಹಸಿವಿನ ಬಿಕ್ಕಟ್ಟು' ಎಂದು ಕರೆಯುವರು. ಬಂದ ಮೇಲೆ ಇದನ್ನು ಕೂಡಲೇ ಸರಿಪಡಿಸುವುದು ಕಷ್ಟ. ಬಾರದಂತೆ ತಡೆಯುವುದು ಸುಲಭ. ಹಸಿವಾಗುವ ಮುನ್ನವೇ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು: ಒಂದು ಹಿಡಿ ಅವಲಕ್ಕಿ, ಒಂದು ತುಂಡು ಬೆಲ್ಲ, ಎರಡು ಬಾಳೆಯ ಹಣ್ಣು. ಶೇಂಗಾ ಬಲು ಪುಷ್ಟಿಕರವಾದರೂ ಅದರಲ್ಲಿ ಎಣ್ಣೆಯಂಶ ಹೆಚ್ಚಾದುದರಿಂದ ನಿಧಾನವಾಗಿ ಜೀರ್ಣವಾಗುವುದು. ಅದನ್ನು ವಿಶ್ರಾಂತಿಯ ಹೊತ್ತಿಗೆ ಇಟ್ಟುಕೊಳ್ಳಬೇಕು. ಜೋಳದ ರೊಟ್ಟಿಯ ಊಟ ಮಧ್ಯಾಹ್ನಕ್ಕಿರಲಿ. ಆದರೆ ಹೊಟ್ಟೆ ಬಿರಿಯುವಂತೆ ಉಂಡು ಏರನ್ನು ಹತ್ತಲಾಗದು.

ಶಾಖವಾದ ೪,೭೦೦ ಕಿಲೋಜೂಲಿನ ಗತಿಯೇನು? ಅದನ್ನು ಹೊರಹಾಕದಿದ್ದರೆ ಮೈ ಕಾಯುತ್ತ ಹೋಗಿ ಪ್ರಾಣಕ್ಕೇ ಅಪಾಯ. ಒಂದು ಲೀಟರು ಬೆವರು ಮೈಮೇಲೆ ಆವಿಯಾದರೆ ಸುಮಾರು ೨,೪೦೦ ಕಿಲೋಜೂಲ್ ಶಾಖವನ್ನು ಒಯ್ಯುವುದು. ಎರಡು ಲೀಟರಿಗೆ ಲೆಕ್ಕ ಸರಿಹೋಗುವುದೆಂದು ತೋರುವುದು. ಆದರೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸದು. ಏರಿನಲ್ಲಿ ವೇಗ ಕಡಮೆ, ಗಾಳಿ ಕಡಮೆ, ಶ್ರಮ ಹೆಚ್ಚು. ಬೆವರು ಸುರಿಯುವುದೇ ಹೊರತು ಆರದು. ಆದುದರಿಂದ ಗಂಟೆಗೆ ಅರ್ಧ ಲೀಟರಿಗೆ ಕಡಮೆಯಿಲ್ಲದಂತೆ ಗುಟುಕುಗುಟುಕಾಗಿ ಕುಡಿಯುವುದು ಯುಕ್ತ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ವಿಪರೀತವಾಗಿ ಕುಡಿಯುವುದೂ ಹಿತವಲ್ಲ. ಉಪ್ಪು ಬೆರೆಸಿದ ಮಜ್ಜಿಗೆ, ಉಪ್ಪು ಸಕ್ಕರೆ ಕದಡಿದ ನಿಂಬೆಯ ಪಾನಕ ಉತ್ತಮ. ಜತೆಗಾರನ ಮಾತು ತೊದಲಿದರೆ, ನಡಿಗೆ ತೂಗಾಡಿದರೆ, ಅವನಿಗೆ ದಿಕ್ಕು ತೋಚದಂತಾದರೆ ಅದು ದಣಿವಲ್ಲ, ಶಾಖದ ಹೊಡೆತ. ಕೂಡಲೇ ನೆರಳಿಗೊಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಬ್ರೇಕಿನ ಪಾಠ

ಏರು ದಣಿಸುವುದು, ಇಳಿಜಾರು ಅಪಾಯ ತರುವುದು. ಗಂಟೆಗೆ ೩೬ ಕಿಲೋಮೀಟರು ವೇಗದಲ್ಲಿರುವ ಸವಾರನ ಚಲನಶಕ್ತಿ ೪,೦೦೦ ಜೂಲ್. ಐದು ಮೀಟರು ಎತ್ತರದ ಮರದಿಂದ ಸೈಕಲ್ ಸಮೇತ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು ಶಕ್ತಿ ಅದರಲ್ಲಿ ಅಡಗಿದೆ. ವೇಗವನ್ನು ೧೮ಕ್ಕೆ ಇಳಿಸಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುವುದು. ಶೇಕಡ ೫ರ ಇಳಿಜಾರಿನಲ್ಲಿ ಸಾಧಾರಣ ಬ್ರೇಕಿನಿಂದ ೩೬ರ ವೇಗದ ಸೈಕಲ್ಲು ನಿಲ್ಲಲು ಸುಮಾರು ೩೩ ಮೀಟರು ಬೇಕಾದರೆ ೧೮ರ ವೇಗದ್ದು ೮ ಮೀಟರಿನಲ್ಲಿ ನಿಲ್ಲುವುದು. ಕೈ ಬ್ರೇಕಿಗೆ ಹೋಗುವ 'ಒಂದು ಕ್ಷಣ'ದ ದೂರವನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ತಿರುವಿನ ಆಚೆ ಎತ್ತಿನ ಗಾಡಿ ಬರುತ್ತಿದೆಯೋ ದನಗಳ ಹಿಂಡು ನಿಂತಿದೆಯೋ ಕಾಣುವುದಿಲ್ಲ. ಆದುದರಿಂದ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಹುದಾದ ವೇಗವನ್ನು ಎಂದೂ ಮೀರಲಾಗದು. ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಬೇಕು; ತಿರುವಿನಲ್ಲಿ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಗಾಲಿ ಜಾರುವುದು. ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಹಿಡಿತ ಬಹಳ ಕುಗ್ಗುವುದಾದುದರಿಂದ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲ ಈ ಸುತ್ತಿಗೆ ತಕ್ಕುದಲ್ಲ.

ಹೊತ್ತಿನ ಲೆಕ್ಕ

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ತಂಪು. ಆದರೆ ಹಗಲು ಚಿಕ್ಕದು. ಡಿಸೆಂಬರಿನ ಕೊನೆಯಲ್ಲಿ ಸಾಂಬ್ರಾಣಿಯಲ್ಲಿ ಸೂರ್ಯೋದಯ ಸುಮಾರು ೬-೫೦ಕ್ಕೆ, ಸೂರ್ಯಾಸ್ತ ೬-೦೫ರ ಸುಮಾರಿಗೆ. ಹಗಲು ಹನ್ನೊಂದೂಕಾಲು ಗಂಟೆ. ೧,೪೦೦ ಕಿಲೋಜೂಲ್ ಕೆಲಸವನ್ನು ೮೦ ವಾಟ್ ಸಾಮರ್ಥ್ಯದಿಂದ ಮಾಡಲು ಸುಮಾರು ಐದು ಗಂಟೆ ಬೇಕು. ತುಳಿಯದೆ ಇಳಿಯುವ ಹೊತ್ತು ಅರ್ಧ ಗಂಟೆ. ಊಟ ವಿಶ್ರಾಂತಿಗಳಿಗೆ ಎರಡೂವರೆ ಗಂಟೆ. ಒಟ್ಟು ಎಂಟು ಗಂಟೆ. ಉಳಿಯುವ ಮೂರು ಗಂಟೆಯನ್ನು ಪಂಕ್ಚರು, ಕಡಿದ ಚೈನು, ಜತೆಗಾರನ ಆಯಾಸ ಇವುಗಳಿಗೆಂದು ತೆಗೆದಿಡಬೇಕು. ಮೋಜಿಗಾಗಿ ಖರ್ಚು ಮಾಡಲಾಗದು.

ಈ ಸುತ್ತಿನ ಒಂದು ವಿಶೇಷವನ್ನು ಮರೆಯಬಾರದು. ದಾಂಡೇಲಿಯ ಬಳಿಯ ಕಾಳಿಯ ದಂಡೆ ಈ ದಾರಿಯ ತಗ್ಗು ಭಾಗ. ಬೆಟ್ಟ ಹತ್ತುವವನಿಗೆ ಮೊದಲು ಶ್ರಮ, ಆಮೇಲೆ ಸುಖ. ಇಲ್ಲಿ ಅದು ತಿರುಗುಮುರುಗು: ಬೆಳಗಿನ ಹುರುಪಿನಲ್ಲಿ ಇಳಿತ, ಮಧ್ಯಾಹ್ನದ ದಣಿವಿನಲ್ಲಿ ಏರಿಕೆ, ಅದೂ ಕಾಡಿನ ನಡುವೆ. ಆದಕಾರಣ ದಾಂಡೇಲಿಯಲ್ಲಿ ಒಂದು ಗಡಿಯನ್ನು ಹಾಕಿಕೊಳ್ಳಬೇಕು. ಮಧ್ಯಾಹ್ನ ಹನ್ನೆರಡರೊಳಗೆ ಅಲ್ಲಿಂದ ಹೊರಡಲಾಗದಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬನಾದರೂ ಸೋತಿದ್ದರೆ, ಮುಂದಿನ ಕಾಡುದಾರಿಯ ಆಸೆಯನ್ನು ಬಿಟ್ಟು ಹಳಿಯಾಳದ ಕಡೆಗೇ ಮರಳಬೇಕು. ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬಂದರೂ ತಪ್ಪಿಲ್ಲ. ಈ ನಿರ್ಣಯವನ್ನು ಹೊರಡುವ ಮುನ್ನವೇ ಎಲ್ಲರೂ ಒಪ್ಪಿಕೊಂಡಿರಬೇಕು. ದಣಿದ ಮನಸ್ಸು ದಾರಿಯಲ್ಲಿ ಸರಿಯಾದ ನಿರ್ಣಯ ಕೈಗೊಳ್ಳಲಾರದು.

ಕುಳಗಿಯ ಸುತ್ತಿನ ಕಾಡು ಸಾಮಾನ್ಯವಾದುದಲ್ಲ. ೧೯೫೬ರಲ್ಲಿ ದಾಂಡೇಲಿ ವನ್ಯಧಾಮವೆಂದು ಘೋಷಿತವಾಗಿ, ೨೦೦೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಹುಲಿ ಮೀಸಲು ಪ್ರದೇಶವಾಗಿ, ೨೦೧೫ರಿಂದ ಕಾಳಿ ಹುಲಿ ಮೀಸಲು ಪ್ರದೇಶವೆಂಬ ಹೆಸರು ಪಡೆದ ಕಾಡು ಇದು. ಅರಣ್ಯ ಇಲಾಖೆಯ ಕಟ್ಟಳೆಗಳನ್ನು ಮೊದಲೇ ವಿಚಾರಿಸಿಕೊಂಡು, ಡಾಂಬರು ದಾರಿಯನ್ನು ಬಿಡದೆ, ಗುಂಪಾಗಿ, ಹಾಡಹಗಲಿನಲ್ಲಿಯೇ ದಾಟಬೇಕು. ವಿಶ್ರಾಂತಿಗೆಂದು ತರಗೆಲೆಗಳ ಮೇಲೆ ಮಲಗಲಾಗದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಹುಳುಗಳಿಂದ ಹರಡುವಂಥದು, ಅದು ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ.

ಮೊದಲಿನ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗಿದೆ. ಎತ್ತರದ ಲೆಕ್ಕ ಸೊನ್ನೆಗೆ ಮರಳುವುದು. ಶಕ್ತಿಯ ಲೆಕ್ಕವೂ ಹೊತ್ತಿನ ಲೆಕ್ಕವೂ ಮರಳುವುದಿಲ್ಲ. ಕಡಿದಾದ ಇಳಿಜಾರು ನಮ್ಮ ಗಳಿಕೆಯನ್ನು ಗಾಳಿಗೂ ಬ್ರೇಕಿಗೂ ಹಂಚಿಬಿಡುವುದು. ಇಷ್ಟನ್ನು ಅರಿತು, ಏರಿನಲ್ಲಿ ನಿಧಾನವಾಗಿ, ಇಳಿತದಲ್ಲಿ ಎಚ್ಚರದಿಂದ, ಹೊತ್ತಿಗೆ ಮುಂಚೆ ಉಣ್ಣುತ್ತ ಕುಡಿಯುತ್ತ ಸಾಗಿದರೆ ಒಂಟಿ ಗೇರಿನ ಸೈಕಲ್ಲಿನಿಂದಲೂ ಈ ಸುತ್ತನ್ನು ಮುಗಿಸಬಹುದು. ಸಾಂಬ್ರಾಣಿಗೆ ಹೋಗಲಾಗದವರು ತಮ್ಮೂರಿನ ದಿಬ್ಬದಿಂದಲೇ ಆರಂಭಿಸಲಿ. ಒಂದು ಮೀಟರು ಉದ್ದದ ಕೋಲಿನ ಒಂದು ತುದಿಯನ್ನು ರಸ್ತೆಯ ಮೇಲಿಟ್ಟು, ರಸಮಟ್ಟದಿಂದ ಕೋಲನ್ನು ಸಮ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಸೆಂಟಿಮೀಟರು ಮೇಲಿದೆಯೆಂದು ಅಳೆದರೆ ಅದೇ ಶೇಕಡ ಏರು.

ಅಭ್ಯಾಸ

೧. ಸವಾರನೂ ಸೈಕಲ್ಲೂ ಕೂಡಿ ೯೦ ಕಿಲೋಗ್ರಾಂ. ಶೇಕಡ ೬ರ ಏರಿನಲ್ಲಿ ಹಿಂದಕ್ಕೆ ಜಗ್ಗುವ ಗುರುತ್ವದ ಬಲವೆಷ್ಟು?

೨. ಹತ್ತು ಕಿಲೋಮೀಟರು ಏರನ್ನು ಗಂಟೆಗೆ ೮ ಕಿಲೋಮೀಟರು ವೇಗದಲ್ಲಿ ಹತ್ತಿ, ಅದೇ ದಾರಿಯನ್ನು ೨೪ ಕಿಲೋಮೀಟರು ವೇಗದಲ್ಲಿ ಇಳಿದರೆ ಸರಾಸರಿ ವೇಗವೆಷ್ಟು?

೩. ಮುಂದೆ ೪೪, ಹಿಂದೆ ೨೨ ಹಲ್ಲುಗಳಿರುವ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಹೋಗುವುದು? ಸೆಕೆಂಡಿಗೆ ೨ ಮೀಟರು ವೇಗದಲ್ಲಿ ಸಾಗಲು ನಿಮಿಷಕ್ಕೆ ಎಷ್ಟು ಸುತ್ತು ತುಳಿಯಬೇಕು?

ಉತ್ತರಗಳು: (೧) ಸುಮಾರು ೫೩ ನ್ಯೂಟನ್. (೨) ಗಂಟೆಗೆ ೧೨ ಕಿಲೋಮೀಟರು. (೩) ೪.೪ ಮೀಟರು, ಸುಮಾರು ೨೭ ಸುತ್ತು.